ಸಿಟ್ಕಾಗೆ ನೀರು ಹೊತ್ತ ಆಂಬ್ರೋಸ್

ನಮ್ಮ ಊರಿನಲ್ಲಿ ಯಾರು ಎಷ್ಟು ತೂಗುತ್ತಾರೆ ಎಂಬುದು ದವಾಖಾನೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ದ್ವೀಪದಲ್ಲಿರುವ ನಮ್ಮ ಆಂಗೂನ್‌ಗೆ ಬಂದು ಹೋಗುವುದು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ಅದರ ಸೀಟುಗಳ ಬುಕಿಂಗು ನಡೆಯುವುದು ನನ್ನ ಅಡುಗೆಮನೆಯಲ್ಲಿ. ಜನ, ಚೀಲ, ಮೀನಿನ ಪೆಟ್ಟಿಗೆ ಎಲ್ಲ ಸೇರಿ ಇಷ್ಟೇ ತೂಕ ಇರಬೇಕು ಎಂದು ಪೈಲಟ್ ಟಾಡ್ ಹಟ ಹಿಡಿಯುತ್ತಾನೆ, ಹಾಗಾಗಿ ನಾನು ಮುಲಾಜಿಲ್ಲದೆ ಎಲ್ಲರನ್ನೂ ಕೇಳುತ್ತೇನೆ. ಹೆಂಗಸರು ಕಡಿಮೆ ಮಾಡಿ ಹೇಳುತ್ತಾರೆ. ಗಂಡಸರು ಬೂಟಿನ ತೂಕ ಹಿಡಿಯುವುದಿಲ್ಲ. ನಾನು ಮುಖ ನೋಡಿ ಮನಸ್ಸಿನಲ್ಲೇ ಒಂದಿಷ್ಟು ಸೇರಿಸಿಕೊಳ್ಳುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ವಿಮಾನವೂ ಮುಳುಗಿಲ್ಲ.

ಆ ಅಕ್ಟೋಬರಿನಲ್ಲಿ ಮಾತ್ರ ನನ್ನ ಲೆಕ್ಕವನ್ನೆಲ್ಲ ಒಬ್ಬ ಮುದುಕ ತಲೆಕೆಳಗು ಮಾಡಿದ. ಅವನು ಆಂಬ್ರೋಸ್. ನಾವು ಹೋಗಬೇಕಾಗಿದ್ದದ್ದು ಸಿಟ್ಕಾಗೆ. ಬೇಸಿಗೆಯಲ್ಲಿ ದೊಡ್ಡ ಹಡಗುಗಳಲ್ಲಿ ಬರುವ ಪ್ರವಾಸಿಗರಿಗೆ ಅದು ಚರಿತ್ರೆಯ ಪಟ್ಟಣ. ರಷ್ಯದವರ ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ರಷ್ಯದ ಬಾವುಟ ಇಳಿಸಿ ಅಮೆರಿಕದ ಬಾವುಟ ಏರಿಸಿದ ಗುಡ್ಡ ಹತ್ತುತ್ತಾರೆ, ಐಸ್‌ಕ್ರೀಮ್ ತಿಂದು ಹಡಗು ಸೇರುತ್ತಾರೆ. ಅದಕ್ಕೂ ಮುಂಚೆ ಆ ಗುಡ್ಡದ ಮೇಲೆ ಯಾರ ಮನೆಯಿತ್ತು ಎಂದು ಕೇಳುವವರು ಕಡಿಮೆ. ನನಗೆ ಸಿಟ್ಕಾ ಎಂದರೆ ತಾಯಿಯ ಮನೆತನದ ಊರು. ನಮ್ಮಲ್ಲಿ ಸತ್ತವರಿಗೆಲ್ಲ ದೊಡ್ಡೂಟ ಆಗುವುದು ಅಲ್ಲಿಯೇ.

ನನ್ನ ತಮ್ಮ ಕ್ಲೆಮ್ ತೀರಿಕೊಂಡು ವರ್ಷವಾಗಿತ್ತು. ರಷ್ಯದವರಿಗಿಂತ ಮುಂಚಿನಿಂದ ಇಲ್ಲಿರುವ ನಮ್ಮ ಜನರಲ್ಲಿ ತಾಯಿ ಯಾವ ಕಡೆಯೋ ಮಕ್ಕಳು ಆ ಕಡೆ: ಒಂದೋ ಕಾಗೆಯವರು, ಇಲ್ಲವೇ ಹದ್ದಿನವರು. ಮದುವೆಯಾಗುವುದು ಯಾವಾಗಲೂ ಎದುರು ಕಡೆಗೆ. ನಾನೂ ಕ್ಲೆಮ್ಮೂ ಹದ್ದಿನವರು. ನಮ್ಮಲ್ಲಿ ಸಾವಾದರೆ ನಾವು ಹೆಣ ಮುಟ್ಟುವಂತಿಲ್ಲ. ಹೆಣ ತೊಳೆಯುವುದು, ಪೆಟ್ಟಿಗೆ ಮಾಡುವುದು, ಗುಂಡಿ ತೋಡುವುದು ಎಲ್ಲ ಕಾಗೆಯವರ ಕೆಲಸ. ಅವರಲ್ಲಿ ಸಾವಾದರೆ ಕೆಲಸ ನಮ್ಮದು. ವರ್ಷ ಕಳೆದ ಮೇಲೆ ಸತ್ತವನ ಕಡೆಯವರು ದೊಡ್ಡೂಟ ಹಾಕಿ, ಎದುರು ಕಡೆಯಿಂದ ದುಡಿದವರನ್ನು ಹೆಸರು ಹಿಡಿದು ಕರೆದು, ಎಲ್ಲರ ಮುಂದೆ ಕಂಬಳಿ ಹೊದಿಸಬೇಕು. ಅಲ್ಲಿಗೆ ಅಳು ಮುಗಿಯಿತು. ಕ್ಲೆಮ್‌ನ ಗುಂಡಿ ತೋಡಿದವನು ಆಂಬ್ರೋಸ್. ಅವನೇ ಬಾರದಿದ್ದರೆ ನನ್ನ ತಮ್ಮನ ಊಟ ಅರ್ಧಕ್ಕೆ ನಿಂತಂತೆ. ನನಗೆ ಅತ್ತು ಅತ್ತು ಸಾಕಾಗಿತ್ತು. ಅದು ಮುಗಿಯಬೇಕಿತ್ತು.

ಆಂಬ್ರೋಸ್ ಜೀವಮಾನವೆಲ್ಲ ಸಾಲ್ಮನ್ ಮೀನು ಹಿಡಿದವನು. ದೋಣಿಗೆ ಹೆಂಡತಿ ಪರ್ಲ್‌ಳ ಹೆಸರಿಟ್ಟಿದ್ದ. ಪರ್ಲ್ ಹೋದ ಮೇಲೂ ಅದೇ ದೋಣಿಯಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ಕಣ್ಣು ಮಂಜಾದ ಮೇಲೆ ಅದನ್ನು ಮಾರಿ, ದಡದಲ್ಲೇ ಸುತ್ತಾಡಲು ಒಂದು ಪುಟಾಣಿ ದೋಣಿ ಇಟ್ಟುಕೊಂಡ. ಗುಂಡಿ ತೋಡುವುದರಲ್ಲಿ ಅವನಿಗೆ ಒಂದು ಬಗೆಯ ಜಂಬ. ನಮ್ಮ ಸ್ಮಶಾನದ ನೆಲ ಬರೀ ಸ್ಪ್ರೂಸ್ ಮರದ ಬೇರು, ಅದಕ್ಕೆ ಹಿಡಿ ಕತ್ತರಿಸಿದ ಮೋಟು ಸಲಿಕೆ ಮಾಡಿಸಿಕೊಂಡಿದ್ದ. ಹದ್ದಿನವರು ಸತ್ತ ಮೇಲೂ ಅಗಲವಾದ ಜಾಗವೇ ಕೇಳುತ್ತಾರೆ ಎಂದು ಗುಂಡಿಯೊಳಗಿನಿಂದಲೇ ಗೊಣಗುತ್ತಿದ್ದ. ಎದುರು ಕಡೆಯವರಿಗೆ ನಮ್ಮನ್ನು ಛೇಡಿಸುವ ಹಕ್ಕಿದೆ, ಅವನು ಅದರಲ್ಲಿ ಚೂರೂ ಬಾಕಿ ಉಳಿಸುತ್ತಿರಲಿಲ್ಲ. ಕ್ಲೆಮ್‌ನನ್ನು ಅಮ್ಮನ ಪಕ್ಕದಲ್ಲೇ ಮಲಗಿಸಬೇಕೆಂದು ನಾನು ಹಟ ಮಾಡಿದ್ದೆ. ಅಲ್ಲಿ ತೊಡೆಗಾತ್ರದ ಬೇರು ಸಿಕ್ಕಿತು. ಹುಡುಗರು ಗುಂಡಿ ಆಚೆಗೆ ಸರಿಸೋಣ ಎಂದರು. ಆಂಬ್ರೋಸ್ ಮನೆಗೆ ಹೋಗಿ ಗರಗಸ ತಂದು, ಹಿಮಮಳೆಯಲ್ಲಿ ನಿಂತು ಆ ಬೇರು ಕುಯ್ದ. ಆ ದಿನ ಮಾತ್ರ ಛೇಡಿಸಲಿಲ್ಲ.

ಅವನ ಅಪ್ಪ ನಮ್ಮ ಮನೆತನದವನು. ಹಾಗಾಗಿ ವಯಸ್ಸಿನಲ್ಲಿ ಚಿಕ್ಕವಳಾದರೂ ನಾನು ಅವನಿಗೆ ಸೋದರತ್ತೆಯ ಲೆಕ್ಕ. ಬಾಯಲ್ಲಿ ಹಲ್ಲಿಲ್ಲದ ಮುದುಕ ನನ್ನನ್ನು ಅತ್ತೆ ಎನ್ನುವಾಗ ಹೊರಗಿನಿಂದ ಬಂದ ಮೇಷ್ಟರುಗಳು ನಗುತ್ತಾರೆ. ನಾನು ಅವನನ್ನು ಅಳಿಯ ಎನ್ನುತ್ತೇನೆ.

ಸಿಟ್ಕಾಗೆ ಅವನು ಯಾವಾಗಲೂ ತನ್ನ ದೋಣಿಯಲ್ಲೇ ಹೋಗುತ್ತಿದ್ದ. ಈ ಸಲ ದೋಣಿ ಇಲ್ಲ, ಸರ್ಕಾರಿ ಹಡಗು ಬರುವ ದಿನ ದೇವರಿಗೂ ಗೊತ್ತಿಲ್ಲ, ಉಳಿದದ್ದು ವಿಮಾನ ಒಂದೇ. ಎಪ್ಪತ್ತು ದಾಟಿದ ಅವನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಹಾರೋದು ಕಾಗೆಯವರ ಕೆಲಸವೇ ತಾನೆ, ಹೆದರುತ್ತೀಯಾ ಎಂದು ಕೆಣಕಿದೆ.

“ಕಾಗೆ ಹಾರೋದು ಅದರ ರೆಕ್ಕೆ ಮೇಲೆ ಅತ್ತೆ, ಟಾಡ್‌ನ ರೆಕ್ಕೆ ಮೇಲಲ್ಲ” ಎಂದ. ಆದರೂ ಸೀಟು ಹಿಡಿ ಎಂದ. ನಾನು ಹಿಡಿದೆ.

ಅದು ಆಗಸ್ಟ್. ಸೆಪ್ಟೆಂಬರಿನಲ್ಲಿ ಅವನ ಚಿಕ್ಕಮ್ಮ ಎಲ್ಸಿ ತೀರಿಕೊಂಡಳು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದಳು. ಅವಳು ಕಾಗೆಯ ಕಡೆ, ಹಾಗಾಗಿ ಅವಳನ್ನು ತೊಳೆದು, ತಲೆ ಬಾಚಿ, ಬಟ್ಟೆ ಉಡಿಸಿದವಳು ನಾನೇ. ಕೊನೆಯ ವಾರವೆಲ್ಲ ಆಂಬ್ರೋಸ್ ಅವಳ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ. ಅವಳನ್ನು ಮಣ್ಣು ಮಾಡಿದ ಮೇಲೆ ಶುರುವಾಯಿತು ಗೊಂದಲ.

ನಮ್ಮ ಊರಿನಲ್ಲಿ ಫೋನಿದ್ದರೂ ಜನ ಮಾತಾಡುವುದು ಅಡುಗೆಮನೆಯ ರೇಡಿಯೋದಲ್ಲಿ. ದೋಣಿಗಳಲ್ಲಿ ಇರುತ್ತದಲ್ಲ, ಅದೇ ರೇಡಿಯೋ. ಒಬ್ಬರು ಮಾತಾಡಿದರೆ ಇಡೀ ಊರಿಗೆ ಕೇಳಿಸುತ್ತದೆ. ಮುಚ್ಚುಮರೆ ಇಲ್ಲ. ಒಂದು ಬೆಳಗ್ಗೆ ಆಂಬ್ರೋಸ್ ರೇಡಿಯೋದಲ್ಲಿ ನನ್ನನ್ನು ಕೂಗಿ, ತನ್ನ ಸೀಟು ಬೇಡ ಎಂದ. ನಾನು ಕಾರಣ ಕೇಳುವುದರೊಳಗೆ ಆರಿಸಿಬಿಟ್ಟ. ಮಾರನೆಯ ದಿನ ಸೀಟು ಬೇಕು ಎಂದ. ಆಮೇಲೆ ಒಂದು ಸೀಟು ಸಾಲದು, ಸಾಮಾನಿಗೆ ಇನ್ನೊಂದು ಬೇಕು ಎಂದ. ಅದರ ಮೇಲೆ, ದೊಡ್ಡೂಟದಲ್ಲಿ ಹದ್ದಿನವರ ಸಾಲಿನಲ್ಲಿ ಹಿಂದಿನ ಬೆಂಚು ಯಾರದು ಎಂದು ಕೇಳಿದ. ಇವನಿಗೆ ನಮ್ಮ ಬೆಂಚಿನ ಉಸಾಬರಿ ಯಾಕೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಟಾಡ್‌ಗೆ ನಾನು ಒಂದೊಂದು ಸಲ ಒಂದೊಂದು ತೂಕ ಹೇಳಿ ಬೈಸಿಕೊಂಡೆ.

ಊರಿನವರು ಕಾರಣಗಳನ್ನು ತಾವೇ ಹುಟ್ಟಿಸಿಕೊಂಡರು. ಮುದುಕನಿಗೆ ವಿಮಾನ ಎಂದರೆ ಪುಕಪುಕ ಎಂದರು ಕೆಲವರು. ಸಿಟ್ಕಾದಲ್ಲಿ ಹದ್ದಿನ ಕಡೆಯ ಯಾವಳೋ ವಿಧವೆಯ ಮೇಲೆ ಕಣ್ಣು, ಅದಕ್ಕೇ ಬೆಂಚು ವಿಚಾರಿಸುತ್ತಿದ್ದಾನೆ ಎಂದರು ಇನ್ನು ಕೆಲವರು. ಕೊನೆಗೆ ಒಂದು ದಿನ ನಾನು ರೇಗಿ, ಆ ಎರಡನೆಯ ಸೀಟಿನ ಸಾಮಾನಾದರೂ ಏನಪ್ಪಾ ಎಂದು ರೇಡಿಯೋದಲ್ಲೇ ಕೇಳಿಬಿಟ್ಟೆ. ಅವನು ನೀರು ಎಂದ.

“ಸಿಟ್ಕಾದಲ್ಲಿ ಮಳೆ ನಿಂತ ದಿನ ಜನ ಹಬ್ಬ ಮಾಡ್ತಾರೆ. ಅಲ್ಲಿಗೆ ನೀರು ಹೊತ್ಕೊಂಡು ಹೋಗ್ತೀಯಾ?” ಎಂದೆ. ಯಾರೋ ರೇಡಿಯೋದ ಗುಂಡಿ ಒತ್ತಿಕೊಂಡೇ ನಕ್ಕರು, ಇಡೀ ಊರಿಗೆ ನಗು ಕೇಳಿಸಿತು. ನಮ್ಮದು ಮದ್ಯ ನಿಷೇಧವಿರುವ ಊರು. ಸಂಜೆಯೊಳಗೆ ಅವನು ಮನೆಯಲ್ಲಿ ಹೆಂಡ ಕಾಯಿಸಿ ಸಿಟ್ಕಾಗೆ ಸಾಗಿಸುತ್ತಿದ್ದಾನೆ ಎಂಬ ಸುದ್ದಿ ಹಬ್ಬಿತು. ಆ ಹೆಂಡದಲ್ಲಿ ಕಾಳು ಹಾಕುತ್ತಾರೋ ಹಣ್ಣು ಹಾಕುತ್ತಾರೋ ಎಂದು ಇಬ್ಬರು ರೇಡಿಯೋದಲ್ಲಿ ಜಗಳವನ್ನೂ ಆಡಿದರು.

ಹೊರಡುವ ವಾರ ಅವನು ನನ್ನ ಮನೆಗೆ ಕೈಗಾಡಿ ತಳ್ಳಿಕೊಂಡು ಬಂದ. ಅದರಲ್ಲಿ ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಕ್ಯಾನು. ತೂಕ ಮಾಡು ಅತ್ತೆ ಎಂದ. ನಾನು ತೂಕ ಮಾಡಲಿಲ್ಲ, ಮುಚ್ಚಳ ತೆಗೆದು ಮೂಸಿದೆ. ಬೆರಳು ಅದ್ದಿ ನೆಕ್ಕಿದೆ. ನೀರೇ. ಸ್ವಲ್ಪ ಪಾಚಿಯ ವಾಸನೆ, ಅಷ್ಟೆ. ನನಗೆ ಸಿಟ್ಟು ನೆತ್ತಿಗೇರಿತು. ಇದರ ಭಾರಕ್ಕೆ ಇನ್ನೊಬ್ಬ ಮನುಷ್ಯ ಬರಬಹುದು, ನಮ್ಮ ಕಡೆಯವರು ಹದಿನೈದು ದಿನ ಕೂತು ತುಂಬಿದ ಮೀನಿನ ಜಾಡಿಗಳನ್ನು ನಾನು ಬಿಟ್ಟು ಹೋಗಬೇಕಾಗುತ್ತದೆ, ನಿನಗೆ ಅರಳುಮರಳೇ ಎಂದು ಒಂದೇ ಉಸಿರಿಗೆ ಜಾಡಿಸಿದೆ. ಅವನು ಬೈಸಿಕೊಂಡು ನಿಂತಿದ್ದ. ಆಮೇಲೆ ಗೋಡೆಯ ಮೇಲಿನ ರೇಡಿಯೋ ತೋರಿಸಿ ಅದನ್ನು ಆರಿಸು ಎಂದ. ನಾನು ಆರಿಸಿದೆ. ಆ ಅಡುಗೆಮನೆಯಲ್ಲಿ ಹಗಲು ಹೊತ್ತು ರೇಡಿಯೋ ಆರಿಸಿದ್ದು ನನಗೆ ನೆನಪಿಲ್ಲ. ಮನೆ ಒಮ್ಮೆಗೇ ಬಣಗುಟ್ಟಿತು.

ಎಲ್ಸಿ ಸಾಯುವ ಮುಂಚೆ ಅವನಿಗೆ ಒಂದು ವಿಷಯ ಹೇಳಿದ್ದಳು. ದೊಡ್ಡ ಜ್ವರ ಬಂದು ಊರುಗಳೇ ಖಾಲಿಯಾದ ವರ್ಷ, ಎಲ್ಸಿಯ ಅಮ್ಮನಿಗೆ ಹುಟ್ಟಿದ ಹೆಣ್ಣುಕೂಸು ಸತ್ತಿತ್ತು. ಮೊಲೆಯಲ್ಲಿ ಹಾಲು ಕಟ್ಟಿತ್ತು. ಜಲಸಂಧಿಯ ಆಚೆ ದಡದ ಹಳ್ಳಿಯಲ್ಲಿ ಹೊಗೆ ಕಾಣದೆ ನಮ್ಮೂರಿನ ಗಂಡಸರು ದೋಣಿ ಹಾಕಿಕೊಂಡು ಹೋದರು. ಒಂದು ಮನೆಯಲ್ಲಿ ತಾಯಿ ಸತ್ತು ಬಿದ್ದಿದ್ದಳು, ಪಕ್ಕದಲ್ಲಿ ಮಗು ಬದುಕಿತ್ತು. ಆ ಮಗುವನ್ನು ತಂದು ಎಲ್ಸಿಯ ಅಮ್ಮನ ಮಡಿಲಿಗೆ ಹಾಕಿದರು. ಅವಳು ಸತ್ತ ಕೂಸಿನ ಹೆಸರನ್ನೇ ಇಟ್ಟಳು. ತಂದವರೂ ಅದೇ ಜ್ವರದಲ್ಲಿ ಹೋದರು. ಆ ಮಗು ಆಂಬ್ರೋಸ್‌ನ ತಾಯಿ. ಮಗುವಿನ ಮೈಮೇಲೆ ಹೊದಿಸಿದ್ದ ಕಂಬಳಿಯಲ್ಲಿ ಚಿಪ್ಪಿನ ಬಟನ್ನುಗಳಿಂದ ಹೊಲಿದ ಹದ್ದು ಇತ್ತಂತೆ.

“ಅಂದ್ರೆ ನಮ್ಮಮ್ಮ ನಿಮ್ಮ ಕಡೆಯವಳು. ಅವಳು ನಿಮ್ಮ ಕಡೆ ಆದ್ಮೇಲೆ ನಾನೂ ಅಷ್ಟೇ” ಎಂದ ಆಂಬ್ರೋಸ್. “ಅಪ್ಪ ಅಮ್ಮ ಒಂದೇ ಕಡೆ. ನಾನು ಪರ್ಲ್ ಒಂದೇ ಕಡೆ. ಕ್ಲೆಮ್‌ಗೆ ಗುಂಡಿ ತೋಡಿದೋನೂ ಅವನ ಕಡೆಯವನೇ. ನಾನು ಯಾವ ಬೆಂಚಲ್ಲಿ ಕೂರ್ಲಿ ಅತ್ತೆ? ಅತ್ತೆ ಅನ್ನಬಹುದೋ ಇಲ್ವೋ ಅದೂ ಗೊತ್ತಿಲ್ಲ ಈಗ.”

ನನಗೆ ಕೂರಬೇಕೆನಿಸಿತು. ಕೂತೆ. ನೀರಿನ ವಿಷಯ ನಾನು ಮರೆತೇಬಿಟ್ಟಿದ್ದೆ, ಅವನೇ ಹೇಳಿದ. ಆ ಮನೆಯಲ್ಲಿ ಬಕೆಟ್ಟು ಒಣಗಿತ್ತು. ಹೊಳೆ ಮನೆಯ ಹಿಂದೆಯೇ ಇತ್ತು, ಆದರೆ ಎದ್ದು ಹೋಗಿ ತರುವವರು ಯಾರೂ ಉಳಿದಿರಲಿಲ್ಲ. ಆ ತಾಯಿ ಬಾಗಿಲ ಕಡೆಗೆ ತೆವಳಿಕೊಂಡು ಬಂದ ಹಾಗೆ ಬಿದ್ದಿದ್ದಳಂತೆ. ಕಳೆದ ವಾರ ಆಂಬ್ರೋಸ್ ತನ್ನ ಪುಟಾಣಿ ದೋಣಿಯಲ್ಲಿ, ಆ ಮಂಜುಗಣ್ಣಿನಲ್ಲಿ, ಜಲಸಂಧಿ ದಾಟಿ ಅಲ್ಲಿಗೆ ಹೋಗಿ ಬಂದಿದ್ದ. ಮನೆಗಳಿದ್ದ ಜಾಗದಲ್ಲಿ ತುರಿಕೆ ಗಿಡ ಎದೆಯೆತ್ತರ ಬೆಳೆದಿದೆ. ಹೊಳೆ ಮಾತ್ರ ಇದೆ. ಅದರ ನೀರು ತುಂಬಿಕೊಂಡು ಬಂದಿದ್ದ. ದೊಡ್ಡೂಟದಲ್ಲಿ ಸತ್ತವರಿಗೆಲ್ಲ ಅವರು ಇಷ್ಟಪಟ್ಟಿದ್ದನ್ನು ಕೊಡುತ್ತಾರೆ, ಅವನ ಅಜ್ಜಿ ಏನು ಇಷ್ಟಪಡುತ್ತಿದ್ದಳೋ ಯಾರಿಗೂ ಗೊತ್ತಿಲ್ಲ, ಅವಳ ಹೆಸರು ಕೂಡ ಗೊತ್ತಿಲ್ಲ. ನೀರು ಕೇಳಿರುತ್ತಾಳೆ ಎಂಬುದಷ್ಟು ಗೊತ್ತು.

ಒಂದು ಬಾಟಲಿ ಸಾಕಾಗಿತ್ತಲ್ಲ, ಇಷ್ಟು ದೊಡ್ಡ ಕ್ಯಾನು ಯಾಕೆ ಎಂದೆ.

“ಅಷ್ಟು ಬಾಯಾರಿದವಳಿಗೆ ಎಷ್ಟು ಬೇಕಾಗುತ್ತೆ ಅಂತ ನಂಗೆ ಗೊತ್ತಾಗ್ಲಿಲ್ಲ” ಎಂದ.

ಅವನು ಹೋದ ಮೇಲೆ ನಾನು ಎಲ್ಸಿಯನ್ನು ಬಾಯಿಗೆ ಬಂದಂತೆ ಬೈದೆ. ಇವಳ ತಲೆಯನ್ನು ನಾನು ಇದೇ ಕೈಯಲ್ಲಿ ಬಾಚಿದ್ದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಇನ್ನೊಂದು ವಾರ ಇಟ್ಟುಕೊಂಡಿದ್ದರೆ ಅವಳ ಜೊತೆಗೇ ಹೋಗುತ್ತಿತ್ತು. ಅವಳು ಹಗುರಾಗಿ ಹೋದಳು, ಭಾರ ನನ್ನ ಅಡುಗೆಮನೆಗೆ ಬಂದು ಬಿತ್ತು. ಸಿಟ್ಕಾದಲ್ಲಿ ನಮ್ಮ ಮನೆತನಕ್ಕೆ ಹಿರಿಯ ಎಂದರೆ ದೊಡ್ಡಮ್ಮನ ಮಗ ಮಾರ್ವಿನ್. ಅವನಿಗೆ ಫೋನು ಮಾಡೋಣ ಎಂದು ಎರಡು ಸಲ ಎದ್ದೆ. ಮಾಡಿದರೆ ಅವನು ಹತ್ತು ಜನಕ್ಕೆ ಮಾಡುತ್ತಾನೆ. ಪರ್ಲ್‌ಳ ಸಮಾಧಿಯ ಮುಂದೆ ನಿಂತು ಜನ ಅವಳ ಮದುವೆಯ ಮಾತಾಡುತ್ತಾರೆ. ಮಾಡದಿದ್ದರೆ, ಎಲ್ಲ ತಿಳಿದೂ ಸ್ವಂತ ಕಡೆಯವನಿಗೇ ಕಂಬಳಿ ಹೊದಿಸಿ ಕ್ಲೆಮ್‌ನ ಊಟ ಮುಗಿಸಿದ ಹಾಗೆ. ಅದು ಊಟವೇ ಅಲ್ಲ, ನಾಟಕ. ಯಾವ ಕಡೆಯಿಂದ ನೋಡಿದರೂ ತಪ್ಪೇ ಕಾಣುತ್ತಿತ್ತು. ವಿಮಾನದಲ್ಲಿ ಯಾರನ್ನು ಮುಂದೆ, ಯಾರನ್ನು ಹಿಂದೆ ಕೂರಿಸಬೇಕೆಂದು ಕಣ್ಣು ಮುಚ್ಚಿ ಹೇಳುವ ನನಗೆ ಈ ಒಬ್ಬನನ್ನು ಎಲ್ಲಿ ಕೂರಿಸಬೇಕೆಂದು ಹೊಳೆಯಲಿಲ್ಲ.

ಹೊರಡಬೇಕಾದ ದಿನ ಮಂಜು ಕವಿಯಿತು. ಟಾಡ್ ಬರಲಿಲ್ಲ. ಮರುದಿನವೂ ಬರಲಿಲ್ಲ. ದೊಡ್ಡೂಟಕ್ಕೆ ಇನ್ನೂ ಸಮಯವಿತ್ತು, ಆದರೂ ನನ್ನ ಜೊತೆ ಹೊರಡಬೇಕಾದ ಹೆಂಗಸರು ಗಳಿಗೆಗೊಮ್ಮೆ ರೇಡಿಯೋದಲ್ಲಿ ಹವಾಮಾನ ಕೇಳಿ ನನ್ನ ಪ್ರಾಣ ತಿಂದರು. ಅವರಿಗೆ ಉತ್ತರ ಹೇಳುತ್ತಾ ನಾನು ಪೆಟ್ಟಿಗೆಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಒಂದು ಪೆಟ್ಟಿಗೆಯಲ್ಲಿ ಕ್ಲೆಮ್‌ನ ಪಾಲಿನದು ಇತ್ತು. ಅವನಿಗೆ ಡಬ್ಬಿಯ 'ಪೀಚ್' ಹಣ್ಣೆಂದರೆ ಪ್ರಾಣ. ಬಟ್ಟಲಿಗೆ ಸುರಿದು, ಮೇಲೆ ಡಬ್ಬಿ ಹಾಲು ಹುಯ್ದುಕೊಂಡು, ಯಾರಿಗೂ ಕೊಡದೆ ತಿನ್ನುತ್ತಿದ್ದ. ದೊಡ್ಡೂಟದಲ್ಲಿ ಆ ಬಟ್ಟಲನ್ನು ಅವನ ಹೆಸರು ಹೇಳಿ ಎದುರು ಕಡೆಯ ಒಬ್ಬರ ಕೈಗೆ ಕೊಡಬೇಕು. ಅವರು ತಿಂದರೆ ಸತ್ತವನಿಗೆ ಮುಟ್ಟುತ್ತದೆ. ನಾವೇ ತಿಂದರೆ ಮುಟ್ಟುವುದಿಲ್ಲ, ನಮ್ಮ ಹೊಟ್ಟೆ ತುಂಬುತ್ತದೆ ಅಷ್ಟೆ. ಬಟ್ಟಲನ್ನು ಆಂಬ್ರೋಸ್‌ಗೇ ಕೊಡಬೇಕೆಂದು ನಾನು ವರ್ಷದ ಹಿಂದೆಯೇ, ಆ ಬೇರು ಕುಯ್ಯುವುದನ್ನು ನೋಡುತ್ತಾ, ತೀರ್ಮಾನಿಸಿದ್ದೆ.

ಪೀಚ್ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಾನು ಮಂಜಿನಲ್ಲಿ ಅವನ ಮನೆಗೆ ನಡೆದೆ. ಅವನು ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದ. ಕ್ಯಾನು ಬಾಗಿಲ ಹತ್ತಿರವೇ ಇತ್ತು.

“ಆ ನೀರನ್ನ ಅಲ್ಲಿ ಏನ್ ಮಾಡ್ಬೇಕು ಅಂತಿದೀಯ?” ಎಂದೆ.

“ನಿಮ್ಮ ಕಡೆ ಕೂತು, ಅವಳಿಗೆ ಅಂತ ಬೆಂಕಿಗೆ ಹಾಕ್ತೀನಿ.”

“ಬೆಂಕಿಗೆ ನೀರು ಹಾಕಿದ್ರೆ ಬೆಂಕಿ ಆರುತ್ತೆ ಅಳಿಯಾ, ಬಾಯಾರಿಕೆ ಆರಲ್ಲ. ಎದುರು ಕಡೆಯವರು ಕುಡಿದ್ರೆ ತಾನೇ ಅವಳಿಗೆ ಸೇರೋದು? ಅವಳು ನಮ್ಮವಳು. ಕೊಡೋಕೆ ನಾನಿದೀನಿ. ಕುಡಿಯೋಕೆ ಕಾಗೆ ಬೇಕು. ನೀನು ನನ್ನ ಪಕ್ಕ ಬಂದು ಕೂತ್ರೆ ಅವಳಿಗೋಸ್ಕರ ಕುಡಿಯೋರು ಯಾರು?”

ಅವನು ಕಾಫಿ ಕೆಳಗಿಟ್ಟ. ನಾನು ಕಾಗೆಯವನೇ ಅಲ್ಲವಲ್ಲ ಎಂದ.

ನನ್ನ ಅಜ್ಜಿಯ ವಿಷಯ ಹೇಳಿದೆ. ಅವನ ತಾಯಿಗೆ ಹೆಸರಿಟ್ಟ ಊಟಕ್ಕೆ ಹದ್ದಿನವರನ್ನೆಲ್ಲ ಕರೆದಿದ್ದರು, ಕರೆಯದೆ ನಮ್ಮಲ್ಲಿ ಹೆಸರು ನಿಲ್ಲುವುದಿಲ್ಲ. ನನ್ನ ಅಜ್ಜಿ ಹೋಗಿ ಉಂಡು, ಉಡುಗೊರೆ ಇಸಿದುಕೊಂಡು, ಇವಳು ಕಾಗೆಯ ಮಗಳು ಎಂದು ಎಲ್ಲರ ಜೊತೆ ಒಪ್ಪಿ ಬಂದಿದ್ದಳು. ಉಂಡು ಒಪ್ಪಿದವರು ನಾವು, ಈಗ ನಾವೇ ಬಂದು ಅಲ್ಲ ಎನ್ನುವಂತಿಲ್ಲ ಎಂದೆ. ಮಾತಾಡುತ್ತಾ ಹೋದಂತೆ ನನಗೇ ಧೈರ್ಯ ಬರುತ್ತಿತ್ತು. ಅವನು ಮುಖವೆತ್ತಿ ಕೇಳಿದ.

“ಇದು ಸರಿ ಹೋಗುತ್ತಾ ಅತ್ತೆ?”

“ಗೊತ್ತಿಲ್ಲ” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನನ್ನ ಅಜ್ಜಿ ಆ ಹದ್ದಿನ ಕಂಬಳಿಯನ್ನು ನೋಡಿದ್ದರೆ ಆ ಊಟ ಉಣ್ಣುತ್ತಿದ್ದಳೋ ಇಲ್ಲವೋ, ಹಾಲು ಕಟ್ಟಿದ ಆ ಹೆಂಗಸಿನ ಮುಖ ನೋಡಿ ಸುಮ್ಮನಾಗುತ್ತಿದ್ದಳೋ, ಯಾರು ಹೇಳಬೇಕು.

ಮಂಜು ಹರಿದು ಟಾಡ್ ಬಂದಾಗ ದಕ್ಕೆಯಲ್ಲಿ ಮತ್ತೆ ರಾದ್ಧಾಂತ. ಎಲ್ಲವನ್ನೂ ಏರಿಸಿದರೆ ತೂಕ ಹೆಚ್ಚಾಗುತ್ತದೆ, ಒಂದು ಪೆಟ್ಟಿಗೆ ಉಳಿಯಲೇಬೇಕು ಎಂದ. ಹೆಂಗಸರೆಲ್ಲ ಕ್ಯಾನಿನ ಕಡೆ ಕೈ ತೋರಿಸಿದರು. ಅದರೊಳಗೆ ಏನಿದೆ ಎಂದು ಟಾಡ್ ಕೇಳಿದ. ನೀರು ಎಂದೆ. ಅವನು ನನ್ನ ಮುಖವನ್ನೂ, ಮಳೆ ಸುರಿಯುತ್ತಿದ್ದ ಆಕಾಶವನ್ನೂ ನೋಡಿದ. ನಾನು ಬೆರ್ರಿ ಹಣ್ಣಿನ ಜಾಡಿಗಳಿದ್ದ ನನ್ನ ಪೆಟ್ಟಿಗೆಯನ್ನು ಎತ್ತಿ ದಕ್ಕೆಯ ಮೇಲೆ ಇಟ್ಟು, ಮಾತು ಮುಗಿಯಿತು ಎಂದೆ. ಆ ಹಣ್ಣು ಬಿಡಿಸಲು ಸೊಂಟ ಮುರಿದುಕೊಂಡ ನನ್ನ ಸೋದರ ಸೊಸೆ ಸಿಟ್ಕಾವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆಂಬ್ರೋಸ್‌ನನ್ನು ಟಾಡ್‌ನ ಪಕ್ಕದಲ್ಲೇ ಕೂರಿಸಿದೆ. ನೀರು ಬಿಟ್ಟು ಮೇಲೇಳುವಾಗ ಅವನು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡಿದ್ದ. ಜಲಸಂಧಿಯ ಆಚೆ ದಡ ಬಂದಾಗ ಮಾತ್ರ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದ. ಅವನ ಕಣ್ಣಿಗೆ ಏನಾದರೂ ಕಂಡಿತೋ ಇಲ್ಲವೋ ನಾನು ಕೇಳಲಿಲ್ಲ.

ಕಂಬಳಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕ್ಲೆಮ್‌ನ ಗುಂಡಿ ತೋಡಿದವನೆಂದು ಮಾರ್ವಿನ್ ಹೆಸರು ಕೂಗಿದಾಗ ಆಂಬ್ರೋಸ್ ಎದುರು ಸಾಲಿನಿಂದ ಎದ್ದು ಬಂದ, ನಾನು ಹೊದಿಸಿದೆ, ಅವನು ಹೊದ್ದುಕೊಂಡ. ಹದ್ದಿನವರು ಕೊಡುವ ಕಂಬಳಿಯೂ ಅಗಲ ಜಾಸ್ತಿ ಎಂದು ಛೇಡಿಸಿದ. ಸಭೆ ನಕ್ಕಿತು. ಆದರೆ ನಾನು ಹೇಳಬೇಕಾಗಿರುವುದು ಅದಕ್ಕೂ ಮುಂಚಿನದು, ಸತ್ತವರಿಗೆ ಉಣಿಸುವ ಹೊತ್ತಿನದು.

ನಾವು ಒಂದು ಗೋಡೆಯ ಉದ್ದಕ್ಕೆ ನಿಂತಿದ್ದೆವು, ಕಾಗೆಯವರು ಎದುರು ಕೂತಿದ್ದರು. ಅಳುವ ಹಾಡುಗಳು ಮುಗಿದಿದ್ದವು. ಕ್ಲೆಮ್‌ನ ಹೆಸರು ಹೇಳಿ ಪೀಚ್ ಬಟ್ಟಲನ್ನು ಆಂಬ್ರೋಸ್‌ಗೆ ಕೊಟ್ಟೆ, ಅವನು ತಿಂದ. ಕ್ಲೆಮ್ ತಿನ್ನುತ್ತಿದ್ದ ಹಾಗೆಯೇ ಯಾರ ಕಡೆಯೂ ನೋಡದೆ, ತಳದ ಹಾಲನ್ನೂ ಬಿಡದೆ ತಿಂದ. ಆಮೇಲೆ ನಾನು ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಮುಂದೆ ಬಂದೆ. ಜ್ವರದ ವರ್ಷ ಹೋದ ನಮ್ಮವಳೊಬ್ಬಳಿಗೆ ಎಂದಷ್ಟೇ ಮಾರ್ವಿನ್‌ಗೆ ಹೇಳಿದ್ದೆ. ಯಾರೆಂದು ಕೂಗಲಿ, ಹೆಸರು ಹೇಳು ಎಂದು ಅವನು ನನ್ನ ಕಿವಿಯಲ್ಲಿ ಕೇಳಿದ. ಹೆಸರಿಲ್ಲ ಎಂದೆ. ಹೆಸರಿಲ್ಲದೆ ಹೇಗೆ ಕರೆಯುವುದು ಎಂದು ಅವನು ತಬ್ಬಿಬ್ಬಾದ. ಸಭೆ ಕಾಯುತ್ತಿತ್ತು. ಕೊನೆಗೆ ನಾನೇ ಕೂಗಿದೆ.

“ನೀರಿಲ್ಲದೆ ಹೋದ ನಮ್ಮ ಮನೆಮಗಳೇ, ನೀರು ತಂದಿದೀವಿ. ನಿನ್ನ ಹೊಳೆಯದೇ.”

ಲೋಟವನ್ನು ಆಂಬ್ರೋಸ್‌ನ ಕೈಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದು, ಒಂದೇ ಉಸಿರಿಗೆ ಕುಡಿದ. ಗದ್ದದಿಂದ ಸೋರಿದ್ದನ್ನು ಒರೆಸಿಕೊಳ್ಳಲಿಲ್ಲ. ಇಲ್ಲಿಗೆ ಮುಗಿಯಿತೆಂದು ನಾನು ಲೋಟ ಇಸಿದುಕೊಳ್ಳಲು ಕೈ ಚಾಚಿದೆ. ಅವನು ಬಿಡಲಿಲ್ಲ. ಖಾಲಿ ಲೋಟವನ್ನು ನನ್ನ ಕಡೆ ಹಿಡಿದ.

“ಇನ್ನೂ ಬೇಕಂತೆ, ಅತ್ತೆ” ಎಂದ.

ನಾನು ಮತ್ತೆ ಬಗ್ಗಿಸಿದೆ. ಅದನ್ನೂ ಕುಡಿದ. ಮತ್ತೆ ಲೋಟ ಚಾಚಿದ. ಆಮೇಲೆ ನಾನು ಕ್ಯಾನನ್ನೇ ಎಳೆದು ತಂದು ಅವನ ಮುಂದೆ ನೆಲದ ಮೇಲೆ ಕೂತೆ. ನಾನು ಅಳುತ್ತಿದ್ದೆ, ಅವನೂ ಅಳುತ್ತಿದ್ದ. ಅವನು ಸಾಕು ಎನ್ನುವವರೆಗೆ ಬಗ್ಗಿಸುತ್ತಲೇ ಇದ್ದೆ.